ಪ್ಲಾಸ್ಟಿಕ್ ಕವರಿನೊಳಗಿನ ಪತ್ರಗಳು

ಜೂನ್ 11

ಚೊಕ್ಕಿ,

ನಿನ್ನ ಪತ್ರ ಬಂತು. ಎರಡು ಸಲ ಓದಿದೆ, ಮೊದಲ ಸಲ ನಂಬಿಕೆ ಬರಲಿಲ್ಲ. ನರ್ಸಿಂಗ್ ಕಾಲೇಜಿಗೆ ಸೇರಿ ವರ್ಷ ತುಂಬಿಲ್ಲ, ಆಗಲೇ ಬಿಟ್ಟು ಬರುತ್ತೇನೆ ಅನ್ನುತ್ತೀಯ. ಕಾರಣ ಏನಪ್ಪಾ ಅಂದರೆ ಕ್ರಿಮಿ. ಕಾಣುವ ಹುಳಕ್ಕೆ ಹೆದರುವವರನ್ನು ಬೇಕಾದಷ್ಟು ನೋಡಿದ್ದೇನೆ. ಕಾಣದ ಹುಳಕ್ಕೆ ಹೆದರಿ ಗಂಟುಮೂಟೆ ಕಟ್ಟಿದವಳು ನೀನೇ ಮೊದಲು.

ನನಗೆ ಅರ್ಥವಾದದ್ದು ಇಷ್ಟು. ಪಾಠದ ಮೇಡಮ್ಮು ನಿಮ್ಮ ಕೈಗಳನ್ನು ಗಾಜಿನ ತಟ್ಟೆಯಲ್ಲಿದ್ದ ಲೋಳೆಯ ಮೇಲೆ ಒತ್ತಿಸಿದರು. ಬೆಚ್ಚನೆ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟು ತೆಗೆದರೆ ನಿನ್ನ ಐದು ಬೆರಳೂ ಬೂಷ್ಟು ಹಿಡಿದ ಹಾಗೆ ತಟ್ಟೆಯ ಮೇಲೆ ಬೆಳೆದಿದ್ದವು. ಅವತ್ತಿನಿಂದ ನಿನಗೆ ಊಟ ಇಳಿಯುತ್ತಿಲ್ಲ. ಅಲ್ಲ, ಆ ಕೈಯಲ್ಲೇ ಹತ್ತೊಂಬತ್ತು ವರ್ಷ ಉಂಡು ಬೆಳೆದವಳು ನೀನು. ತಟ್ಟೆ ನೋಡುವ ತನಕ ಸತ್ತಿರಲಿಲ್ಲ, ನೋಡಿದ ಮೇಲೆ ಸಾಯುತ್ತೀಯಾ?

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹನ್ನೊಂದನೇ ವಯಸ್ಸಿಗೆ ಮೋರಿಗೆ ಇಳಿದೆ. ಮೊದಲ ದಿನವೇ ಸೊಂಟದ ತನಕ. ಐವತ್ತೆರಡು ವರ್ಷ ಈ ಊರಿನವರ ಕಕ್ಕಸಿನ ಪೈಪಿಗೆ ಕೈ ಹಾಕಿದ್ದೇನೆ. ಮುಖ ಸಿಂಡರಿಸಿಲ್ಲ. ಮೊನ್ನೆ ಏನಾಯಿತು ಗೊತ್ತಾ, ಸಂಜೆ ಬೂಟು ಬಿಚ್ಚಿದರೆ ಒಳಗೆ ಒಂದು ಸ್ಕ್ರೂ. ಪೈಪಿನ ಕ್ಲಾಂಪಿನದು, ಇಂಚು ಉದ್ದ. ಅಂಗಾಲಿನಲ್ಲಿ ಚೊಕ್ಕವಾಗಿ ಒಂದು ತೂತು. ಬೆಳಿಗ್ಗೆಯಿಂದ ಅದರ ಮೇಲೆ ನಡೆದಿದ್ದೇನೆ, ನನಗೆ ಗೊತ್ತೇ ಆಗಿಲ್ಲ. ಚರ್ಮ ಅಂದರೆ ಹಾಗಿರಬೇಕು. ನಿನ್ನದು ಕಾಗದ.

ನಿನ್ನಪ್ಪ, ನನ್ನ ತಮ್ಮ, ಆಸ್ಪತ್ರೆಯಲ್ಲಿ ಹನ್ನೆರಡು ದಿನ ಮಲಗಿದ್ದ. ನೀನು ಆಗ ಆರು ವರ್ಷದವಳು, ನಿನಗೆ ನೆನಪಿಲ್ಲ. ಒಬ್ಬ ನರ್ಸು ಮೂಗು ಮುಚ್ಚಿಕೊಂಡು ಬರುತ್ತಿದ್ದಳು, ಇನ್ನೊಬ್ಬಳು ಮುಚ್ಚಿಕೊಳ್ಳದೆ ಬರುತ್ತಿದ್ದಳು. ಆ ಎರಡನೆಯವಳು ಒಳಗೆ ಬಂದರೆ ಅವನ ಮುಖ ಬಿಚ್ಚಿಕೊಳ್ಳುತ್ತಿತ್ತು. ನಮ್ಮ ಮನೆಯಲ್ಲೂ ಅಂಥವಳು ಒಬ್ಬಳು ಇರಲಿ ಅಂತ ಅವತ್ತೇ ಅಂದುಕೊಂಡೆ. ಅದಕ್ಕೇ ನೀನು ಅಲ್ಲಿರುವುದು.

ಬಿಡಬೇಕು ಅಂದರೂ ದಾರಿ ಇಲ್ಲ. ನಿನ್ನ ಸರ್ಟಿಫಿಕೇಟುಗಳು ಪ್ರಿನ್ಸಿಪಾಲರ ಬೀರುವಿನಲ್ಲಿವೆ, ನನ್ನ ಸಹಿ ಇಲ್ಲದೆ ಅವು ಹೊರಗೆ ಬರುವುದಿಲ್ಲ. ನಾನು ಸಹಿ ಹಾಕುವವನಲ್ಲ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು.

ಫೋನು ಮಾಡಬೇಡ. ವಾರ್ಡನ್ ಪಕ್ಕದಲ್ಲಿ ನಿಂತಿದ್ದರೆ ನೀನು ಪಿಸುಗುಡುತ್ತೀಯ, ನನಗೆ ಕಿವಿ ಮಂದ. ಬರೆ.

ಅಂಗಳದ ನಲ್ಲಿ ನಿನ್ನೆಯಿಂದ ತೊಟ್ಟಿಕ್ಕುತ್ತಿದೆ. ವಾಷರ್ ಸವೆದಿದೆ. ನಾಳೆ ಬದಲಾಯಿಸಬೇಕು.

ನಿನ್ನ ದೊಡ್ಡಪ್ಪ


ಜೂನ್ 20

ದೊಡ್ಡಪ್ಪ,

ಬೈಗುಳ ತಲುಪಿತು. ರೂಮಿನಲ್ಲಿ ನನ್ನ ಜೊತೆಯಿರುವ ಉದ್ದಜಡೆ ಕೇಳಿದಳು, ‘ಯಾರದೇ ಪತ್ರ, ಓದ್ತಾ ಓದ್ತಾ ತಲೆ ತಗ್ಗಿಸ್ತಾ ಇದ್ದೀಯಲ್ಲ?’ ಎಂದು. ‘ನಮ್ಮ ದೊಡ್ಡಪ್ಪಂದು, ಕಾಗದದಿಂದಲೂ ತಲೆಗೆ ಮೊಟಕ್ತಾರೆ’ ಎಂದೆ.

ನೀವು ಬರೆದದ್ದೆಲ್ಲ ಸರಿ. ನನಗೂ ಗೊತ್ತು. ಪುಸ್ತಕದಲ್ಲೂ ಹಾಗೇ ಇದೆ, ಮೈಮೇಲಿರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ನಮಗೇನೂ ಮಾಡುವುದಿಲ್ಲ ಎಂದು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ತೆಗೆದುಕೊಳ್ಳುತ್ತೇನೆ. ಆಮೇಲೆ ಊಟದ ಹಾಲಿಗೆ ಹೋಗಿ ಲೋಟ ಹಿಡಿದರೆ, ಈ ಅಂಚಿಗೆ ಎಷ್ಟು ಜನರ ತುಟಿ ತಾಗಿದೆ ಎಂದು ಲೆಕ್ಕ ಶುರುವಾಗುತ್ತದೆ. ಬಾಗಿಲನ್ನು ಮೊಣಕೈಯಿಂದ ತೆರೆಯುತ್ತೇನೆ. ನಲ್ಲಿ ತಿರುಗಿಸುವ ಮೊದಲು ನಲ್ಲಿಯನ್ನು ತೊಳೆಯುತ್ತೇನೆ. ತೊಳೆದ ಕೈಯಲ್ಲಿ ಅದನ್ನು ನಿಲ್ಲಿಸಿದರೆ ಕೈ ಮತ್ತೆ ಕೊಳೆ, ಹಾಗಾಗಿ ಮತ್ತೆ ತೊಳೆಯಬೇಕು. ಇದಕ್ಕೆ ಕೊನೆ ಎಲ್ಲಿ ಎಂದು ನೀವೇ ಹೇಳಿ, ನಲ್ಲಿಯ ಕೆಲಸದವರು ನೀವು.

ಚಿಕ್ಕವಳಿದ್ದಾಗ ತಟ್ಟೆಯನ್ನು ಮೂರು ಸಲ ಒರೆಸುತ್ತಿದ್ದೆ ಎಂದು ನೀವೇ ‘ಚೊಕ್ಕಿ’ ಎಂದು ಹೆಸರಿಟ್ಟಿರಿ. ಆಗ ಎಲ್ಲರೂ ನಗುತ್ತಿದ್ದರು. ಈಗ ಅದೇ ಚಾಳಿ ನನ್ನನ್ನು ತಿನ್ನುತ್ತಿದೆ. ಇಲ್ಲಿ ಗೇಟಿಗೆ ಬೀಗ, ಕಿಟಕಿಗೆ ಜಾಲರಿ. ಅವನ್ನಾದರೂ ದಾಟಬಹುದು. ನನ್ನ ಚರ್ಮದಿಂದ ಆಚೆ ಹೋಗುವುದಕ್ಕೆ ಬಾಗಿಲೇ ಇಲ್ಲ.

ನೀವು ದೊರೆಗಳ ಹಾಗೆ ಯಾವಾಗಲೂ ಚಮಚದಲ್ಲಿ ಉಣ್ಣುವವರು. ಕೆಳಗಿನ ಮನೆಯ ಟೈಲರಮ್ಮ ಅದಕ್ಕೆ ಎಷ್ಟು ಆಡಿಕೊಳ್ಳುತ್ತಿದ್ದರು. ಈಗ ನಾನೂ ಚಮಚ ಹಿಡಿದಿದ್ದೇನೆ, ಬಿಸಿನೀರಿನಲ್ಲಿ ಅದ್ದಿ. ಅಷ್ಟರ ಮಟ್ಟಿಗೆ ನಿಮ್ಮ ಮಗಳೇ.

ಒಂದು ಮಾತು. ಸ್ಕ್ರೂ ಹೊಕ್ಕರೂ ನೋವಾಗದ ಅಂಗಾಲು ಗಟ್ಟಿ ಅಂಗಾಲಲ್ಲ, ದೊಡ್ಡಪ್ಪ. ನರ ಸತ್ತ ಅಂಗಾಲು. ಸಕ್ಕರೆ ಕಾಯಿಲೆ ಇರುವವರಿಗೆ ಹಾಗಾಗುತ್ತದೆ ಎಂದು ಮೊನ್ನೆಯಷ್ಟೇ ಪಾಠವಾಯಿತು. ರಕ್ತ ಪರೀಕ್ಷೆ ಮಾಡಿಸಿ. ಆ ತೂತನ್ನು ಸೋಪು ಹಾಕಿ ತೊಳೆದಿರಾ?

ಒಂದೇ ವಾರ ಮನೆಗೆ ಬಂದು ಹೋಗಲೇ?

ಚೊಕ್ಕಿ


ಜುಲೈ 2

ಚೊಕ್ಕಿ,

ಬರಬೇಡ. ಒಂದು ವಾರ ಅಂತ ಬಂದವಳು ಎರಡನೇ ವಾರ ತಲೆನೋವು ಅನ್ನುತ್ತೀಯ, ಮೂರನೇ ವಾರಕ್ಕೆ ಪೆಟ್ಟಿಗೆ ಅಟ್ಟಕ್ಕೆ ಹೋಗುತ್ತದೆ. ನಿನ್ನನ್ನು ಬೆಳೆಸಿದವನು ನಾನು, ನಿನ್ನ ಆಟ ನನಗೆ ಗೊತ್ತಿಲ್ಲವಾ.

ಸಕ್ಕರೆ ಕಾಯಿಲೆಯಂತೆ. ನನ್ನ ರಕ್ತದಲ್ಲಿ ಸಕ್ಕರೆ ಇದ್ದಿದ್ದರೆ ಬಾಯಲ್ಲಿ ಇಷ್ಟು ಖಾರ ಇರುತ್ತಿತ್ತಾ? ಕಾಲು ಚೆನ್ನಾಗಿದೆ. ನೀನು ನಿನ್ನ ತಟ್ಟೆ ನೋಡಿಕೋ.

ನನಗೆ ಕೆಲಸದ ಮೇಲೆ ಕೆಲಸ. ಮಾರ್ಕೆಟ್ಟಿನ ಹಿಂದೆ ಹೊಸ ಕಟ್ಟಡ, ಐದು ಮಹಡಿ, ಎಲ್ಲಾ ಪೈಪು ನಂದೇ. ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಕೂರುವುದಕ್ಕೆ ಪುರುಸೊತ್ತಿಲ್ಲ.

ಮನೆ ಹಾಗೇ ಇದೆ. ಟೈಲರಮ್ಮ ಮಷೀನನ್ನು ಕೆಳಗೆ ಬಾಗಿಲ ಹತ್ತಿರಕ್ಕೆ ತಂದುಕೊಂಡಿದ್ದಾಳೆ, ಬೆಳಕು ಸಾಲದಂತೆ. ಮಧ್ಯಾಹ್ನ ಎರಡಕ್ಕೆ ಮಷೀನಿನ ಮೇಲೇ ತಲೆಯಿಟ್ಟು ನಿದ್ದೆ. ಎದುರು ಮನೆಯ ಬೆಕ್ಕು ಮರಿ ಹಾಕಿದೆ, ನಾಲ್ಕು. ಒಂದಕ್ಕೆ ಬಾಲ ಮೊಂಡು. ಅಂಗಳದ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ಟೈಲರಮ್ಮ ಕೆಳಗೆ ಬಕೆಟ್ ಇಟ್ಟಿದ್ದಾಳೆ. ಬೆಳಿಗ್ಗೆ ಎಂಟಕ್ಕೆ ಖಾಲಿ ಬಕೆಟ್ ಇಟ್ಟರೆ ಹನ್ನೊಂದೂಕಾಲಿಗೆ ತುಂಬುತ್ತದೆ. ಅಷ್ಟು ನೀರು ದಂಡ.

ನಿನ್ನ ಪ್ರಶ್ನೆಗೆ ಉತ್ತರ. ನಲ್ಲಿಯನ್ನು ಮೊಣಕೈಯಲ್ಲಿ ನಿಲ್ಲಿಸು. ದೊಡ್ಡ ಆಸ್ಪತ್ರೆಗಳಲ್ಲಿ ಉದ್ದ ಹಿಡಿಯ ನಲ್ಲಿ ಅದಕ್ಕೇ ಇರುವುದು, ನಾನೇ ಇಪ್ಪತ್ತು ಜೋಡಿಸಿದ್ದೇನೆ. ಮೈಕ್ರೋಬಯಾಲಜಿ ಪುಸ್ತಕದಲ್ಲಿ ಇಷ್ಟು ಬರೆದಿಲ್ಲವಾ? ಓದಿದವರು ದಡ್ಡರಾದರೆ ದೇವರೂ ಕಾಪಾಡುವುದಿಲ್ಲ.

ಊಟ ಮಾಡು. ತೆಳ್ಳಗಾದರೆ ಕೊಲ್ಲುತ್ತೇನೆ.

ದೊಡ್ಡಪ್ಪ

(ಕೈ ತಾಗಿ ಕಾಗದದ ಮೂಲೆ ಕಲೆಯಾಗಿದೆ. ಚಹಾ ಚೆಲ್ಲಿತು.)


ಜುಲೈ 13

ದೊಡ್ಡಪ್ಪ,

ಮೊಣಕೈ ಉಪಾಯ ಕೆಲಸ ಮಾಡುತ್ತಿದೆ. ಇಲ್ಲಿಯ ನಲ್ಲಿಗಳಿಗೆ ಉದ್ದ ಹಿಡಿಯಿಲ್ಲ, ಆದರೂ ಕಷ್ಟಪಟ್ಟು ಮಾಡುತ್ತೇನೆ. ನೋಡಿದವರು ಕೋಳಿ ರೆಕ್ಕೆ ಬಡಿದ ಹಾಗಿದೆ ಎನ್ನುತ್ತಾರೆ.

ಇವತ್ತು ಬರೆಯುತ್ತಿರುವುದು ಬೇರೆ ವಿಷಯ. ಓದಿದರೆ ನಿಮಗೆ ಕೋಪ ಬರುತ್ತದೆ. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಿಮ್ಮ ಪತ್ರಗಳನ್ನು ನಾನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಲಕೋಟೆ ಬಂದ ಕೂಡಲೇ ಕೈಗವಸು ಹಾಕಿಕೊಂಡು ಬಿಡಿಸುತ್ತೇನೆ. ಕಾಗದವನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿ, ಹೊರಗಿನಿಂದ ಓದುತ್ತೇನೆ. ನಿಮ್ಮದೊಂದೇ ಅಲ್ಲ, ಎಲ್ಲ ಕಾಗದವೂ ಹಾಗೇ, ಲೈಬ್ರರಿಯ ಪುಸ್ತಕವೂ. ಆದರೆ ನಿಮ್ಮ ಪತ್ರವನ್ನು ಹಾಗೆ ಓದುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೋದ ವಾರ ಪ್ರಾಕ್ಟಿಕಲ್ ಇತ್ತು. ಪ್ರತಿಯೊಬ್ಬರೂ ದಿನಾ ಬಳಸುವ ಒಂದು ವಸ್ತುವನ್ನು ಹತ್ತಿಯ ಕಡ್ಡಿಯಿಂದ ಒರೆಸಿ, ಅದನ್ನು ತಟ್ಟೆಯಲ್ಲಿ, ನೀವು ಲೋಳೆ ಎಂದ ಆ ಅಗರ್ ಮೇಲೆ ಎಳೆದು ಬೆಳೆಸಬೇಕು. ಉದ್ದಜಡೆ ಬಾಚಣಿಗೆ ತಂದಳು. ನಾನು ಯೋಚಿಸದೆ ನಿಮ್ಮ ಲಕೋಟೆ ಒಯ್ದೆ. ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸುತ್ತೀರಲ್ಲ, ಆ ಅಂಚನ್ನೂ ಅದರ ಪಕ್ಕದ ಕಲೆಯನ್ನೂ ಒರೆಸಿದೆ. ಎರಡು ದಿನಕ್ಕೆ ಹೊಂಬಣ್ಣದ ದುಂಡು ದುಂಡು ಚುಕ್ಕೆಗಳು ಎದ್ದವು. ಟ್ಯೂಟರ್ ಮೇಡಂ ನೋಡಿ, ‘ಸ್ಟ್ಯಾಫಿಲೋಕಾಕಸ್ ಇದ್ದ ಹಾಗಿದೆ. ಎಲ್ಲಿಂದ ತಂದ್ಯಮ್ಮ?’ ಎಂದರು. ‘ದೊಡ್ಡಪ್ಪನ ಪತ್ರದಿಂದ’ ಎಂದೆ. ಕ್ಲಾಸೆಲ್ಲ ನಕ್ಕಿತು. ‘ಹೆದರ್ಬೇಡ, ಎಷ್ಟೋ ಜನರ ಮೂಗಲ್ಲಿ ಅದು ಸುಮ್ನೆ ಇರುತ್ತೆ. ಗಾಯ, ಕೀವು ಇದ್ರೆ ಮಾತ್ರ ಯೋಚ್ನೆ ಮಾಡ್ಬೇಕು’ ಎಂದರು.

ನಗದೆ ಇದ್ದವಳು ನಾನೊಬ್ಬಳೇ. ದೊಡ್ಡಪ್ಪ, ಆ ತೂತು ಏನಾಯಿತು? ಎರಡನೇ ಸಲ ಕೇಳುತ್ತಿದ್ದೇನೆ.

ಚೊಕ್ಕಿ


ಜುಲೈ 19

ನಿನ್ನ ಪತ್ರ ಓದಿದೆ.

ನನ್ನ ಪತ್ರಕ್ಕೂ ಕೈಗವಸು. ನನ್ನ ಎಂಜಲನ್ನು ತಟ್ಟೆಯಲ್ಲಿ ಬೆಳೆಸಿ ಊರಿಗೆಲ್ಲ ತೋರಿಸಿ ನಗಿಸಿದ್ದೀಯ. ಎರಡು ವರ್ಷದವಳಿದ್ದಾಗ ನನ್ನ ಹೆಗಲ ಮೇಲೆ ವಾಂತಿ ಮಾಡಿಕೊಂಡವಳು ನೀನು. ಈ ಕೈಯಲ್ಲೇ ಒರೆಸಿದ್ದು. ಆಗ ನನಗೆ ಯಾರೂ ಕವರು ಕೊಟ್ಟಿರಲಿಲ್ಲ.

ಮೂಗು ಮುಚ್ಚಿಕೊಳ್ಳದವಳು ಮನೆಯಲ್ಲಿ ಒಬ್ಬಳಿರಲಿ ಅಂದುಕೊಂಡೆ. ಸಿಕ್ಕಿದಳು.

ಇನ್ನು ನಾನು ಬರೆಯುವುದಿಲ್ಲ. ನೀನೂ ಬರೆಯಬೇಡ. ಆ ಹಾಳು ನಲ್ಲಿ ಬೇರೆ ಟಕ್ ಟಕ್ ಅಂತ ಹಗಲೆಲ್ಲ ತಲೆ ತಿನ್ನುತ್ತಿದೆ. ಕಾಲೇಜು ಬಿಟ್ಟು ಬಂದರೆ ಈ ಮನೆಯ ಬಾಗಿಲು ತೆಗೆಯುವುದಿಲ್ಲ, ಅಷ್ಟು ನೆನಪಿರಲಿ.


ಆಗಸ್ಟ್ 3

ದೊಡ್ಡಪ್ಪ,

ತಪ್ಪಾಯಿತು ಎಂದು ಎರಡು ಕಾರ್ಡು ಹಾಕಿದೆ. ಉತ್ತರವಿಲ್ಲ. ನಿಮ್ಮ ಕೋಪ ಮೂರು ದಿನದ್ದು, ಹೆಚ್ಚೆಂದರೆ ವಾರದ್ದು. ಇದು ಎರಡು ವಾರವಾಯಿತು. ಬೈಯುವುದಕ್ಕಾದರೂ ಬರೆಯಿರಿ. ವಾರ್ಡನ್ ಕೈಕಾಲು ಹಿಡಿದು ಫೋನು ಮಾಡಿದೆ, ಗಂಟೆ ಹೊಡೆದು ಹೊಡೆದು ನಿಂತಿತು. ಬೆಳಿಗ್ಗೆ ಹತ್ತಕ್ಕೆ ಮಾಡಿದ್ದು. ಕೆಲಸಕ್ಕೆ ಹೋಗಿರಬೇಕು ಎಂದುಕೊಂಡೆ.

ಚೊಕ್ಕಿ


ಆಗಸ್ಟ್ 17

ದೊಡ್ಡಪ್ಪ,

ನೀವು ಕೆಲಸಕ್ಕೆ ಹೋಗುತ್ತಿಲ್ಲ.

ನಿನ್ನೆ ನಿಮ್ಮ ಪತ್ರಗಳನ್ನೆಲ್ಲ ಮಂಚದ ಮೇಲೆ ಸಾಲಾಗಿ ಇಟ್ಟು ಕೂತೆ. ಎಲ್ಲದರಲ್ಲೂ ಆ ನಲ್ಲಿ ಇದೆ. ಜೂನ್ ಹನ್ನೊಂದಕ್ಕೆ ನಾಳೆ ವಾಷರ್ ಬದಲಾಯಿಸಬೇಕು ಎಂದಿರಿ. ಜುಲೈ ಎರಡಕ್ಕೂ ತೊಟ್ಟಿಕ್ಕುತ್ತಿತ್ತು, ಹತ್ತೊಂಬತ್ತಕ್ಕೂ. ಎದುರು ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಊಟ ಬಿಟ್ಟು ಎದ್ದು ಹೋಗುವವರು ನೀವು. ನಮ್ಮ ಅಂಗಳದ್ದನ್ನು ಐದು ವಾರ ಬಿಟ್ಟಿದ್ದೀರಿ. ಏಳಕ್ಕೆ ಕೆಲಸಕ್ಕೆ ಹೋಗುವವರು, ಎಂಟಕ್ಕೆ ಇಟ್ಟ ಬಕೆಟ್ ಹನ್ನೊಂದೂಕಾಲಿಗೆ ತುಂಬುವುದನ್ನು ಯಾವಾಗ ನೋಡಿದಿರಿ? ಟೈಲರಮ್ಮ ಎರಡಕ್ಕೆ ನಿದ್ದೆ ಮಾಡುವುದನ್ನು? ಮರಿಯ ಮೊಂಡು ಬಾಲವನ್ನು? ಎಲ್ಲವೂ ಮೇಲಿನ ಕಿಟಕಿಯಿಂದ ಕಾಣುವುದೇ. ಕಿಟಕಿಗೆ ಕಾಣದ್ದು ಒಂದೂ ನಿಮ್ಮ ಪತ್ರದಲ್ಲಿ ಇಲ್ಲ, ಆ ಐದು ಮಹಡಿಯ ಕಟ್ಟಡ ಬಿಟ್ಟರೆ. ಅದು ಸುಳ್ಳು.

ಆಮೇಲೆ ಜುಲೈ ಎರಡರ ಪತ್ರವನ್ನು ಕವರಿನಿಂದ ಹೊರಗೆ ತೆಗೆದೆ. ಬರಿಗೈಯಲ್ಲಿ. ಚಹಾ ಎಂದಿರಲ್ಲ, ಆ ಕಲೆಯನ್ನು ಮೂಗಿನ ಹತ್ತಿರ ಹಿಡಿದೆ. ಆರು ವಾರ ಪ್ಲಾಸ್ಟಿಕ್ಕಿನೊಳಗೆ ಇದ್ದದ್ದರಿಂದ ವಾಸನೆ ಹೋಗಿರಲಿಲ್ಲ. ಅಯೋಡಿನ್ ಮುಲಾಮು. ನಮ್ಮ ವಾರ್ಡಿನಲ್ಲಿ ದಿನಾ ಬೆಳಿಗ್ಗೆ ಡ್ರೆಸ್ಸಿಂಗ್ ಟ್ರೇಯಿಂದ ಬರುವ ವಾಸನೆ. ನನಗೆ ಅದು ತಪ್ಪುವುದಿಲ್ಲ.

ಇಷ್ಟು ದಿನ ನನಗೆ ಹೇಳಲಿಲ್ಲ ಯಾಕೆ ಎಂದೂ ಗೊತ್ತಾಯಿತು. ಹೇಳಿದರೆ ಅದನ್ನೇ ನೆಪ ಮಾಡಿಕೊಂಡು ಬಂದುಬಿಡುತ್ತೇನೆ ಎಂದು.

ಹೌದು, ಬರುತ್ತೇನೆ. ಇಪ್ಪತ್ತೈದನೇ ತಾರೀಕು, ಭಾನುವಾರ. ಒಂದು ದಿನದ ಪಾಸು ಸಿಕ್ಕಿದೆ. ಬರುವಾಗ ಪ್ರಿನ್ಸಿಪಾಲರ ಆಫೀಸಿನಿಂದ ಅರ್ಜಿ ತರುತ್ತೇನೆ, ಸರ್ಟಿಫಿಕೇಟು ಬಿಡಿಸಿಕೊಳ್ಳುವುದು. ಕೆಳಗೆ ಪೋಷಕರ ಸಹಿಗೆ ಜಾಗವಿದೆ. ನಿಮ್ಮನ್ನು ನೋಡಿಕೊಳ್ಳಲು ಒಬ್ಬರು ಬೇಕು, ನನಗೆ ಇಲ್ಲಿಂದ ಹೊರಡಲು ಒಂದು ಕಾರಣ ಬೇಕು. ಸುಳ್ಳು ಹೇಳುವುದಿಲ್ಲ, ಎರಡೂ ನಿಜ.

ಬಾಗಿಲು ತೆಗೆಯುವುದಿಲ್ಲ ಎಂದಿದ್ದೀರಿ. ಟೈಲರಮ್ಮನ ಹತ್ತಿರ ಇನ್ನೊಂದು ಕೀ ಇದೆ.

ಚೊಕ್ಕಿ


ಆಗಸ್ಟ್ 30

ಚೊಕ್ಕಿ,

ನೀನು ಬಂದು ಹೋಗಿ ಐದು ದಿನವಾಯಿತು. ಎದುರಿಗೆ ಕೂತಾಗ ಆಡುವುದಕ್ಕೆ ಆಗದ್ದು ಎದೆಯಲ್ಲಿ ಸಿಕ್ಕಿಕೊಂಡಿದೆ. ಬಿಸಿ ತುಪ್ಪದ ಹಾಗೆ, ನುಂಗುವುದಕ್ಕೂ ಆಗಲ್ಲ ಉಗುಳುವುದಕ್ಕೂ ಆಗಲ್ಲ. ಬರೆದುಬಿಡುತ್ತೇನೆ.

ನೀನು ಒಳಗೆ ಬಂದ ಕೂಡಲೇ ಅರ್ಜಿ ಮುಂದೆ ಹಿಡಿದೆ. ‘ಮೊದ್ಲು ಕಾಲಿನ ಬಟ್ಟೆ ಬಿಚ್ಚು, ಆಮೇಲೆ ಪೇಪರ್ರು’ ಅಂದೆ ನಾನು. ನಿನ್ನ ಸೊಕ್ಕು ಇಳಿಸಬೇಕು ಅಂತಲೇ ಅಂದದ್ದು. ಕಾಂಪೌಂಡರು ದಿನ ಬಿಟ್ಟು ದಿನ ಬರುತ್ತಾನೆ, ಅವತ್ತು ಅವನು ಬರುವ ದಿನವಲ್ಲ, ಬಟ್ಟೆ ಒದ್ದೆಯಾಗಿ ಅಂಟಿಕೊಂಡಿತ್ತು. ನೀನು ನಾಕು ಸುತ್ತು ಬಿಚ್ಚಿದೆ. ಐದನೆಯದಕ್ಕೆ ವಾಸನೆ ಬಂತು. ನಿನ್ನ ಮುಖ ನೋಡುತ್ತಿದ್ದೆ. ಗೋಡೆಯ ಸುಣ್ಣದ ಹಾಗೆ ಆಯಿತು. ನೀನು ಎದ್ದು ಬಚ್ಚಲಿಗೆ ಹೋದೆ. ನಲ್ಲಿ ಬಿಟ್ಟುಕೊಂಡಿದ್ದರೂ ನೀನು ಕಕ್ಕಿದ್ದು ನನಗೆ ಕೇಳಿಸಿತು. ನನಗೆ ಕಿವಿ ಮಂದವಾದರೂ ಬಚ್ಚಲಿನ ಸದ್ದು ಕೇಳುತ್ತದೆ, ಕಸುಬು ಅದು.

ಹೋಯಿತು, ಇನ್ನು ಇವಳು ಬರುವುದಿಲ್ಲ ಅಂದುಕೊಂಡೆ. ಬಟ್ಟೆ ನಾನೇ ಸುತ್ತಿಕೊಳ್ಳೋಣ ಅಂತ ಬಗ್ಗಿದೆ, ಕೈ ಎಟುಕಲಿಲ್ಲ. ಅಷ್ಟರಲ್ಲಿ ನೀನು ಬಂದೆ. ಮೊಣಕೈ ತನಕ ಒದ್ದೆ, ಕಣ್ಣು ಕೆಂಪು. ‘ಎಲ್ಲಿಗೆ ಬಂದಿದ್ವಿ?’ ಅಂದೆ, ಪಾಠ ಬಿಟ್ಟ ಜಾಗ ಕೇಳುವ ಹಾಗೆ. ಪೂರ್ತಿ ತೊಳೆದೆ. ಎರಡು ಬೆರಳು ಕಪ್ಪಾಗಿದ್ದು ನೋಡಿದೆ. ಹೊಸ ಬಟ್ಟೆ ಸುತ್ತಿದೆ. ಕಾಂಪೌಂಡರು ಸುತ್ತಿದ್ದಕ್ಕಿಂತ ಚೊಕ್ಕವಾಗಿತ್ತು. ಆವಾಗಲೇ ನಿನ್ನ ಕೈ ನೋಡಿದ್ದು ನಾನು. ಬೆರಳಿನ ಗಂಟುಗಳೆಲ್ಲ ಬಿರಿದು ರಕ್ತ ಬಂದಿದೆ. ಎಷ್ಟು ತೊಳೆದಿದ್ದೀಯ ಮಗಳೇ. ನಾನು ಪತ್ರದಲ್ಲಿ ಕಾಲು ಬಚ್ಚಿಟ್ಟೆ, ನೀನು ಕೈ ಬಚ್ಚಿಟ್ಟೆ. ಇಬ್ಬರೂ ಬುದ್ಧಿವಂತರು.

ನಿನ್ನಪ್ಪನ ನರ್ಸಿನ ವಿಷಯ. ಮೂಗು ಮುಚ್ಚಿಕೊಳ್ಳದೆ ಬರುತ್ತಿದ್ದವಳು. ಐದು ದಿನದಿಂದ ಅವಳದೇ ಯೋಚನೆ. ಅವಳು ಒಳಗೆ ಬರುವುದನ್ನು ಮಾತ್ರ ನಾನು ನೋಡಿದ್ದು. ಹೊರಗೆ ಹೋದ ಮೇಲೆ ಯಾವ ಬಚ್ಚಲಿಗೆ ಹೋಗುತ್ತಿದ್ದಳೋ ಯಾರಿಗೆ ಗೊತ್ತು. ಹದಿಮೂರು ವರ್ಷ ಅವಳಿಗೆ ಹೇಸಿಗೆಯೇ ಇರಲಿಲ್ಲ ಅಂತ ನಂಬಿಕೊಂಡು, ಅದನ್ನೇ ನಿನ್ನ ತಲೆಗೆ ಕಟ್ಟಿದೆ.

ಇನ್ನೊಂದು ಇದೆ. ಇದನ್ನು ಯಾರಿಗೂ ಹೇಳಿಲ್ಲ. ಮೊದಲ ದಿನವೇ ಸೊಂಟದ ತನಕ ಇಳಿದೆ ಅಂತ ಬರೆದೆನಲ್ಲ, ಸುಳ್ಳು. ಮೂರು ದಿನ ಮೋರಿಯ ದಂಡೆಯ ಮೇಲೆ ನಿಂತು ಅತ್ತಿದ್ದೇನೆ. ನಾಲ್ಕನೇ ದಿನ ಮೇಸ್ತ್ರಿ ಹಿಂದಿನಿಂದ ನೂಕಿದ. ಅವತ್ತು ರಾತ್ರಿ ತಟ್ಟೆಯ ಮುಂದೆ ಕೂತರೆ ಕೈ ಬಾಯಿಗೆ ಬರಲಿಲ್ಲ. ನಮ್ಮವ್ವ ಚಮಚ ಕೊಟ್ಟಳು. ಇವತ್ತಿಗೂ ಬಂದಿಲ್ಲ ಆ ಕೈ ಬಾಯಿಗೆ. ಟೈಲರಮ್ಮ ನನ್ನನ್ನು ದೊರೆ ಅಂತ ಆಡಿಕೊಂಡರೆ, ದೊರೆ ಅಂತಲೇ ಇರಲಿ ಅಂತ ಸುಮ್ಮನಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಮಾಡಿದವನು ನನ್ನ ಮೋರಿಗೆ ಇಳಿದಿರಲಿಲ್ಲ.

ಹೇಸಿಗೆ ಹೋಗಲ್ಲ, ಚೊಕ್ಕಿ. ಹೋಗುತ್ತದೆ ಅಂತ ಹೇಳಿದರೆ ನಾನು ಕಳ್ಳ. ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಐವತ್ತೆರಡು ವರ್ಷ ಕೆಲಸ ಮಾಡಿದ್ದೇನೆ.

ನೀನು ಹೊರಡುವ ಮೊದಲು ಅಂಗಳಕ್ಕೆ ಇಳಿದು ನಲ್ಲಿ ಬಿಚ್ಚಿದೆಯಲ್ಲ, ನಾನು ಕಿಟಕಿಯಿಂದ ‘ಬಲಕ್ಕಲ್ಲ ಕಣೇ, ಎಡಕ್ಕೆ, ನಿನ್ನ ಎಡ, ನನ್ನ ಎಡ ಅಲ್ಲ’ ಅಂತ ಕೂಗಿದ್ದು ಬೀದಿಗೆಲ್ಲ ಕೇಳಿಸಿದೆ. ಟೈಲರಮ್ಮ ಅನ್ನುತ್ತಿದ್ದಳು, ‘ಎರಡು ತಿಂಗ್ಳಿಂದ ಸುಮ್ನಿದ್ರು, ಮಗಳು ಬಂದ್ಲು ನೋಡಿ, ಗಂಟ್ಲು ಬಂತು’ ಅಂತ. ನಲ್ಲಿ ನಿಂತಿದೆ. ಈಗ ಕಿಟಕಿಯಲ್ಲಿ ಕೂತರೆ ಲೆಕ್ಕ ಹಾಕುವುದಕ್ಕೂ ಏನೂ ಇಲ್ಲ. ಇಪ್ಪತ್ತೆರಡು ಮೆಟ್ಟಿಲು ಕೆಳಗೆ ಅಂಗಳ. ಎರಡೂವರೆ ತಿಂಗಳಾಯಿತು ನಾನು ಅದನ್ನು ತುಳಿದು, ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದು ಬಿಟ್ಟರೆ. ಕುರ್ಚಿ, ಮಂಚ, ಬಚ್ಚಲು. ನಿನ್ನ ಪತ್ರದಲ್ಲಿ ಗೇಟಿಗೆ ಬೀಗ, ಕಿಟಕಿಗೆ ಜಾಲರಿ ಅಂತ ಇತ್ತು. ಮೊದಲು ಓದಿದಾಗ ಹುಡುಗಾಟ ಅನ್ನಿಸಿತ್ತು. ಈ ಕುರ್ಚಿಯಲ್ಲಿ ಕೂತು ಮತ್ತೆ ಓದಿದೆ.

ಡಾಕ್ಟರು ದಿನ ಗೊತ್ತು ಮಾಡಿದ್ದಾರೆ. ಸೆಪ್ಟೆಂಬರ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಎರಡು ಬೆರಳು ತೆಗೆಯುತ್ತಾರೆ. ಅಷ್ಟರಲ್ಲೇ ನಿಲ್ಲಿಸುತ್ತೇವೆ ಅಂತಾರೆ, ನಿಂತರೆ ಸರಿ. ಅದೇ ದಿನ ಅದೇ ಹೊತ್ತಿಗೆ ನಿನ್ನ ಮೈಕ್ರೋಬಯಾಲಜಿ ಪರೀಕ್ಷೆ ಅಂದಿದ್ದೆ. ನೀನು ಬರುವುದು ಬೇಡ. ಟೈಲರಮ್ಮ ಇರುತ್ತಾಳೆ, ಅಂಗಡಿಗೆ ಎರಡು ದಿನ ಬಾಗಿಲು ಹಾಕುತ್ತಾಳಂತೆ.

ಪೈಪು ರೆಂಚಿನ ಕೆಳಗೆ ನೀನು ಇಟ್ಟು ಹೋದ ಅರ್ಜಿ ಇದರ ಜೊತೆಗಿದೆ. ಸಹಿ ಹಾಕಿದ್ದೇನೆ. ಓದಿ ನೋಡಿಯೇ ಹಾಕಿದ್ದು. ನನ್ನ ಕಾಲಿನ ಸಲುವಾಗಿ ಬರಬೇಡ, ನನ್ನ ಹೆದರಿಕೆಗೆ ಅಲ್ಲಿರಲೂ ಬೇಡ. ಬೀರುವಿನ ಕೀಲಿ ಇಷ್ಟು ದಿನ ನನ್ನ ಹತ್ತಿರ ಇತ್ತು, ಈಗ ನಿನ್ನ ಹತ್ತಿರ ಇದೆ. ಬಂದರೆ ಬಾಗಿಲು ತೆಗೆಯುತ್ತೇನೆ. ತೆಗೆಯುವುದಿಲ್ಲ ಅಂದಿದ್ದು ಕೋಪದಲ್ಲಿ.

ಲಕೋಟೆಯನ್ನು ನಾಲಿಗೆಯಲ್ಲಿ ಅಂಟಿಸಿಲ್ಲ. ಬೆರಳು ನೀರಿಗೆ ಅದ್ದಿ ಅಂಟಿಸಿದ್ದೇನೆ. ಕುದಿಸಿ ಆರಿಸಿದ ನೀರು, ಸೋಪು ಹಾಕಿ ತೊಳೆದ ಬೆರಳು. ಆದರೂ ಓದಿದ ಮೇಲೆ ಕೈ ತೊಳೆದುಕೋ. ಒಂದೇ ಸಲ.

ದೊಡ್ಡಪ್ಪ


ಸೆಪ್ಟೆಂಬರ್ 4

ದೊಡ್ಡಪ್ಪ,

ಪತ್ರ ಸಿಕ್ಕಿತು. ಈ ಉತ್ತರ ಸೋಮವಾರದ ಒಳಗೆ ನಿಮ್ಮ ಕೈ ಸೇರಲಿ ಎಂದು ಓಡಿಹೋಗಿ ಪೋಸ್ಟ್ ಮಾಡುತ್ತಿದ್ದೇನೆ.

ಅರ್ಜಿ ಮೈಕ್ರೋಬಯಾಲಜಿ ಪುಸ್ತಕದೊಳಗಿದೆ. ಆಫೀಸಿಗೆ ಕೊಟ್ಟಿಲ್ಲ. ಓದು ನಿಲ್ಲಿಸಿದ ಪುಟಕ್ಕೆ ಗುರುತಾಗಿ ಇಟ್ಟುಕೊಂಡಿದ್ದೇನೆ. ದಿನಕ್ಕೆ ಹತ್ತು ಪುಟದಂತೆ ಅದು ಮುಂದೆ ಹೋಗುತ್ತಿದೆ. ಇಲ್ಲೇ ಇರುತ್ತೇನೆ ಎಂದು ಮಾತು ಕೊಡಲಾರೆ. ಸೋಮವಾರ ಹತ್ತಕ್ಕೆ ಪರೀಕ್ಷೆಗೆ ಕೂರುತ್ತೇನೆ, ಆ ಮಾತು ಕೊಡುತ್ತೇನೆ. ಹತ್ತಕ್ಕೆ ನಮ್ಮ ಹಾಲಿನ ಬಾಗಿಲು ಮುಚ್ಚುತ್ತಾರೆ, ಒಂದಕ್ಕೆ ತೆರೆಯುತ್ತಾರೆ. ನಿಮ್ಮದೂ ಅಷ್ಟು ಹೊತ್ತಿಗೆ ತೆರೆಯುತ್ತದೆ. ಒಂದೂವರೆಗೆ ಟೈಲರಮ್ಮನಿಗೆ ಫೋನು ಮಾಡುತ್ತೇನೆ, ವಾರ್ಡನ್ ಪಕ್ಕದಲ್ಲಿ ನಿಂತಿದ್ದರೂ ಸರಿ, ಪಿಸುಗುಡುವುದಿಲ್ಲ. ಆಪರೇಷನ್ ಥಿಯೇಟರಿನೊಳಗೆ ಡಾಕ್ಟರನ್ನು ಬೈಯಬೇಡಿ.

ನಿಮ್ಮ ಪತ್ರವನ್ನು ಕವರಿಗೆ ಹಾಕದೆ ಓದಿದೆ, ಮೊದಲಿನಿಂದ ಕೊನೆಯ ತನಕ. ಆಮೇಲೆ ಕೈ ತೊಳೆದೆ.

ಎರಡು ಸಲ. ನಿಮಗೆ ಸುಳ್ಳು ಹೇಳುವುದಿಲ್ಲ.

ಚೊಕ್ಕಿ